ಸಣ್ಣ ಹಾಯಿದೋಣಿಗೆ ಎಂಥ ಕೈ ವೈರ್‌ಲೆಸ್?

ಪ್ರಶ್ನೆ: ನನ್ನ ಬಳಿ ಹದಿನಾರು ಅಡಿಯ ಹಾಯಿದೋಣಿ ಇದೆ. ಮಳೆಗಾಲ ಕಳೆದ ಮೇಲೆ ಮಗನೊಂದಿಗೆ ಗುರುಪುರ ಹೊಳೆಯಲ್ಲಿ ಹಾಯಿ ಬಿಚ್ಚಿ, ಗಾಳಿ ಹದವಾಗಿದ್ದರೆ ಅಳಿವೆ ದಾಟಿ ಎರಡು ಮೂರು ನಾಟಿಕಲ್ ಮೈಲು ಕಡಲಿಗೆ ಹೋಗಿ ಬರುತ್ತೇನೆ. ಇಷ್ಟರವರೆಗೆ ಮೊಬೈಲನ್ನೇ ನಂಬಿದ್ದೆ. ಈಗ ಕೈಯಲ್ಲಿ ಹಿಡಿಯುವ ವಿ.ಎಚ್.ಎಫ್. (ಹಡಗು, ಬೋಟಿನವರು ಮಾತಾಡಿಕೊಳ್ಳುವ ರೇಡಿಯೋ) ಸೆಟ್ ಕೊಳ್ಳಬೇಕೆಂದಿದ್ದೇನೆ. ಹೆಚ್ಚು ವ್ಯಾಟಿನದನ್ನೇ ಆರಿಸಬೇಕೇ? ಬಳಸುವ ಕ್ರಮವೇನು?
– ಬೋಳೂರಿನ ಓದುಗರು, ಮಂಗಳೂರು

ಉತ್ತರ: ನಿಮ್ಮ ನಿರ್ಧಾರ ಸರಿಯಾದುದು. ಮೊಬೈಲಿನಲ್ಲಿ ನೀವು ಕರೆದ ಒಬ್ಬರಿಗೆ ಮಾತ್ರ ಕೇಳಿಸುತ್ತದೆ, ವಿ.ಎಚ್.ಎಫ್. ಸೆಟ್ಟಿನಲ್ಲಿ ಆಡಿದ ಮಾತು ಅದೇ ಚಾನೆಲ್ಲಿಗೆ ಕಿವಿಗೊಟ್ಟಿರುವ ಸುತ್ತಲಿನ ಎಲ್ಲರಿಗೂ ಒಟ್ಟಿಗೆ ತಲುಪುತ್ತದೆ, ಮತ್ತು ಕಡಲಿನಲ್ಲಿ ಮೊದಲು ನೆರವಿಗೆ ಬರುವವರು ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿರುವವರು. ಹಾಗೆಂದು ಫೋನನ್ನು ಮನೆಯಲ್ಲಿ ಬಿಡಬೇಡಿ. ಕರಾವಳಿ ಕಾವಲು ಪಡೆಯ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳು ಅದರಲ್ಲಿರಲಿ.

ವ್ಯಾಟಿನ ವಿಷಯದಲ್ಲಿ ಬಹಳ ಮಂದಿಗೆ ತಪ್ಪು ಕಲ್ಪನೆಯಿದೆ. ಕೈ ಸೆಟ್ಟುಗಳ ಶಕ್ತಿ 5 ಅಥವಾ 6 ವ್ಯಾಟ್. ದೊಡ್ಡ ಬೋಟುಗಳಲ್ಲಿ ಜೋಡಿಸಿಟ್ಟ ಸೆಟ್ಟುಗಳದ್ದು 25 ವ್ಯಾಟ್. ಆದರೆ 156 ಮೆಗಾಹರ್ಟ್ಸ್‌ಗಿಂತ ಮೇಲಿನ ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ, ಮಾತು ಎಷ್ಟು ದೂರ ಹೋಗುತ್ತದೆಂಬುದನ್ನು ವ್ಯಾಟಿಗಿಂತ ಆಂಟೆನಾದ ಎತ್ತರವೇ ಹೆಚ್ಚಾಗಿ ನಿರ್ಧರಿಸುತ್ತದೆ. ಆಂಟೆನಾ ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅದರ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಎರಡೂ ಕಡೆಯ ಲೆಕ್ಕ ಕೂಡಿಸಿದರೆ ಗರಿಷ್ಠ ದೂರ. ನೀವು ಕುಳಿತು 1 ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೂ ಅಷ್ಟೇ ಎತ್ತರದ ಇನ್ನೊಂದು ಸೆಟ್ಟಿಗೂ ನಡುವೆ ಎಂಟು ಕಿಲೋಮೀಟರ್ ಎಂದರೆ ಹೆಚ್ಚಾಯಿತು. ಅದೇ ಎದುರಿನವರ ಆಂಟೆನಾ 9 ಮೀಟರ್ ಎತ್ತರದ ಬೋಟಿನ ಕಂಬದ ಮೇಲಿದ್ದರೆ ದೂರ ಹದಿನಾರು ಕಿಲೋಮೀಟರ್ ದಾಟುತ್ತದೆ. ಆದುದರಿಂದ 5 ವ್ಯಾಟಿನ ಬದಲು 6 ವ್ಯಾಟಿಗೆಂದು ಹೆಚ್ಚು ಹಣ ಕೊಡಬೇಕಾಗಿಲ್ಲ.

ಆ ಹಣವನ್ನು ಸೆಟ್ಟು ನೀರಿನಲ್ಲಿ ತೇಲುವುದಕ್ಕೆ ಕೊಡಿ. ಅದರ ಮೇಲೆ ಐ.ಪಿ.ಎಕ್ಸ್. 7 ಎಂಬ ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದೆಂದು ಅರ್ಥ. ಆದರೆ ನೀರು ಹೋಗದ ಸೆಟ್ಟುಗಳೆಲ್ಲ ತೇಲುವುದಿಲ್ಲ; ಕೈಜಾರಿದರೆ ಒಳಗೆ ಒಂದು ಹನಿ ನೀರೂ ಸೇರದೆ ಎಂಟು ಮಾರು ಆಳಕ್ಕೆ ಹೋಗಿ ಕೂರುತ್ತವೆ. ನೀರಿಗೆ ಬಿದ್ದೊಡನೆ ತಾನಾಗಿ ಮಿನುಗುವ ದೀಪ, ಒದ್ದೆ ಕೈಗೂ ಸಿಗುವಂಥ ದೊಡ್ಡ ಗುಂಡಿಗಳು, ಸಾಧ್ಯವಾದರೆ ಸಾಮಾನ್ಯ ಪೆನ್ಸಿಲ್ ಸೆಲ್ ಹಾಕಲು ಬರುವ ಹೆಚ್ಚುವರಿ ಪೆಟ್ಟಿಗೆ, ಇವಿಷ್ಟನ್ನು ನೋಡಿ. ಜಿ.ಪಿ.ಎಸ್. ಮತ್ತು ಡಿ.ಎಸ್.ಸಿ. (ಮಾತಿಲ್ಲದೆಯೇ ಅಪಾಯದ ಕರೆ ಕಳಿಸುವ ವ್ಯವಸ್ಥೆ) ಇರುವ ಸೆಟ್ಟಾದರೆ, ಕೆಂಪು ಗುಂಡಿಯನ್ನು ಒತ್ತಿ ಹಿಡಿದಾಗ ನಿಮ್ಮ ಸ್ಥಾನವೂ ಗುರುತೂ ಚಾನೆಲ್ 70ರಲ್ಲಿ ತಾನಾಗಿ ಹೋಗುತ್ತವೆ. ಆದರೆ ಅಧಿಕೃತವಾಗಿ ಪಡೆದ ಒಂಬತ್ತು ಅಂಕಿಯ ಎಂ.ಎಂ.ಎಸ್.ಐ. ಎಂಬ ಗುರುತಿನ ಸಂಖ್ಯೆಯನ್ನು ತುಂಬಿಸದಿದ್ದರೆ ಆ ಗುಂಡಿ ಕೆಲಸ ಮಾಡುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಸೆಟ್ಟು ಇರಬೇಕಾದುದು ದೋಣಿಯಲ್ಲಲ್ಲ, ನಿಮ್ಮ ಮೈಮೇಲೆ. ಕೆಲವು ವರ್ಷಗಳ ಹಿಂದೆ ತಣ್ಣೀರುಬಾವಿಯ ಎದುರು ಮಧ್ಯಾಹ್ನದ ಪಡುಗಾಳಿಯ ಒಂದೇ ಹೊಡೆತಕ್ಕೆ ನನ್ನ ದೋಣಿ ಮಗುಚಿತು. ಪೂರ್ತಿ ಚಾರ್ಜ್ ಆಗಿದ್ದ ಒಳ್ಳೆಯ ಸೆಟ್ಟು ಮುಂಭಾಗದ ಹಲಗೆಯಡಿ, ಜಿಪ್ ಎಳೆದ ಚೀಲದೊಳಗಿತ್ತು. ದೋಣಿಯ ಹೊಟ್ಟೆ ಮೇಲಾಗಿ, ಚೀಲ ನೀರಿನಡಿಯಾಗಿ, ಹಾಯಿಯ ಹಗ್ಗಗಳು ಕಾಲಿಗೆ ಸುತ್ತಿಕೊಳ್ಳುತ್ತಿದ್ದಾಗ ಅಲ್ಲಿಗೆ ಮುಳುಗಿ ಅದನ್ನು ತೆಗೆಯುವುದು ನನ್ನಿಂದಾಗಲಿಲ್ಲ. ಮೀನಿಗೆ ಹೋಗಿ ಬರುತ್ತಿದ್ದ ನಾಡದೋಣಿಯವರು ಕಂಡು ತಿರುಗಿ ಬಂದುದರಿಂದ ಉಳಿದೆವು. ಅಂದಿನಿಂದ ದಡ ಬಿಡುವ ಮೊದಲೇ ಸೆಟ್ಟನ್ನು ಲೈಫ್ ಜಾಕೆಟ್ಟಿನ ಎದೆಯ ಜೇಬಿನಲ್ಲಿಟ್ಟು, ತಲೆಯ ಮೇಲೆ ಎತ್ತಿ ಹಿಡಿಯಲು ಸಾಕಾಗುವಷ್ಟು ಉದ್ದದ ದಾರದಿಂದ ಜಾಕೆಟ್ಟಿಗೇ ಕಟ್ಟುತ್ತೇನೆ. ಆ ಉದ್ದ ಬೇಕೇ ಬೇಕು. ನೀರಿನಲ್ಲಿರುವವನ ಆಂಟೆನಾ ಒಂದಡಿಯಷ್ಟೇ ಮೇಲಿದ್ದರೆ ಅದರ ದಿಗಂತ ಎರಡು ಕಿಲೋಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಸೆಟ್ಟು ಒಂದೇ ಆದರೆ ಅದು ನಿಮ್ಮ ಬಳಿ ಇರಲಿ, ಆದರೆ ಬಳಸಲು ಮಗನಿಗೂ ಕಲಿಸಿ. ನೀರಿಗೆ ಬಿದ್ದವರು ನೀವೇ ಆಗಬಹುದು.

ಬಳಕೆಗೆ ಬಂದರೆ, ಪೆಟ್ಟಿಗೆಯಿಂದ ತೆಗೆದೊಡನೆ ಚಾನೆಲ್ಲುಗಳ ವ್ಯವಸ್ಥೆಯನ್ನು ‘ಇಂಟರ್‌ನ್ಯಾಷನಲ್’ಗೆ ಬದಲಿಸಿ. ಅಮೆರಿಕದ ವ್ಯವಸ್ಥೆಯಲ್ಲೇ ಉಳಿದ ಸೆಟ್ಟಿನಲ್ಲಿ ಚಾನೆಲ್ 16 ಸರಿಯಾಗಿಯೇ ಇರುತ್ತದೆ, ಆದರೆ ಬೇರೆ ಕೆಲವು ಚಾನೆಲ್ಲುಗಳಲ್ಲಿ ದಡದ ಕೇಂದ್ರದ ಮಾತು ನಿಮಗೆ ಕೇಳಿಸುವುದೇ ಇಲ್ಲ. ಹಿನ್ನೆಲೆಯ ಗದ್ದಲ ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಸುಂಯ್‌ಗುಟ್ಟುವ ಸದ್ದು ಆಗತಾನೆ ನಿಲ್ಲುವಲ್ಲಿಗೆ ತಿರುಗಿಸಿ ಬಿಡಿ. ಅದಕ್ಕಿಂತ ಮುಂದೆ ಹೋದರೆ ದೂರದ ಕ್ಷೀಣ ದನಿಯೂ ಅಡಗುತ್ತದೆ. ಸೆಟ್ಟನ್ನು ನೆಟ್ಟಗೆ ಹಿಡಿದು, ಗುಂಡಿ ಒತ್ತಿ ಒಂದು ಕ್ಷಣ ತಡೆದು, ಬಾಯಿಂದ ಮೂರು ನಾಲ್ಕು ಬೆರಳು ದೂರದಿಂದ ಸಹಜ ದನಿಯಲ್ಲಿ ಮಾತಾಡಿ. ಗುಂಡಿ ಬಿಟ್ಟರೆ ಮಾತ್ರ ಉತ್ತರ ಕೇಳಿಸುತ್ತದೆ.

ಚಾನೆಲ್ 16 ಕರೆಯುವುದಕ್ಕೆ ಮತ್ತು ಅಪಾಯಕ್ಕೆ ಮೀಸಲು. ಸಂಪರ್ಕ ಸಿಕ್ಕಿದೊಡನೆ 6, 8, 72 ಅಥವಾ 77ರಂಥ ದೋಣಿ-ದೋಣಿಗಳ ನಡುವಿನ ಚಾನೆಲ್ಲಿಗೆ ಹೋಗಿ. ಸೆಟ್ಟಿನ ಪರೀಕ್ಷೆಯನ್ನೂ 16ರಲ್ಲಿ ಮಾಡಬೇಡಿ. ಹತ್ತಿರದ ಮಾತಿಗೆ 1 ವ್ಯಾಟ್ ಸಾಕು, ಬ್ಯಾಟರಿ ಉಳಿಯುತ್ತದೆ. ಬಂದರಿನ ಧಕ್ಕೆಗೆ ಒಮ್ಮೆ ಹೋಗಿ ಮೀನುಗಾರ ಬೋಟಿನವರು ಯಾವ ಚಾನೆಲ್ಲಿನಲ್ಲಿ ಮಾತಾಡಿಕೊಳ್ಳುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಜೀವಕ್ಕೇ ಅಪಾಯವಾದಾಗ ಪೂರ್ಣ ಶಕ್ತಿಯಲ್ಲಿ ‘ಮೇಡೇ’ ಎಂದು ಮೂರು ಬಾರಿ, ದೋಣಿಯ ಹೆಸರನ್ನು ಮೂರು ಬಾರಿ ಹೇಳಿ, ತಕ್ಷಣ ಸ್ಥಾನ ತಿಳಿಸಿ. ಉಳಿದ ವಿವರ ಆಮೇಲೆ: ಏನಾಗಿದೆ, ಎಂಥ ನೆರವು ಬೇಕು, ಎಷ್ಟು ಜನರಿದ್ದೀರಿ. ಅಕ್ಷಾಂಶ ರೇಖಾಂಶ ಓದಲಾಗದಿದ್ದರೆ ‘ಸುರತ್ಕಲ್ ದೀಪಸ್ತಂಭದಿಂದ ಪಶ್ಚಿಮಕ್ಕೆ ಎರಡು ಮೈಲು’ ಎಂಬಂತೆ ಹೇಳಿದರೂ ಸಾಕು. ಜೀವಾಪಾಯವಿಲ್ಲದೆ ಚುಕ್ಕಾಣಿ ಮುರಿದಂಥ ತೊಂದರೆಗೆ ‘ಪಾನ್ ಪಾನ್’ ಎಂಬ ಕರೆಯಿದೆ.

ಈ ಸೆಟ್ಟುಗಳಿಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಅದನ್ನು ವಿಚಾರಿಸಿಕೊಂಡ ಮೇಲೆಯೇ, ಬಿಲ್ ಸಹಿತ ಕೊಳ್ಳಿ.

ಪ್ರಶ್ನೆ: ಮಲ್ಪೆಯಿಂದ ತೋನ್ಸೆಪಾರ್ ಕಡೆಗೆ ಹೋಗುವ ನಮ್ಮ ಸಣ್ಣ ದೋಣಿಯ ಸೆಟ್ಟು ಪ್ರತಿ ಮಳೆಗಾಲದ ನಂತರ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಏಕೆ?
– ಉಡುಪಿಯ ಓದುಗರು

ಉತ್ತರ: ಬ್ಯಾಟರಿಯ ಹಿತ್ತಾಳೆ ಬಣ್ಣದ ಬಿಂದುಗಳ ಮೇಲೆ ಹಸಿರು ಕಿಲುಬು ಕಂಡರೆ ಉಪ್ಪು ಕಾರಣ. ಕಡಲಿನಿಂದ ಬಂದ ದಿನವೇ ಮುಚ್ಚಳಗಳು ಭದ್ರವಾಗಿವೆಯೆಂದು ನೋಡಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಚಾರ್ಜರಿನಲ್ಲಿಡಿ. ಜೂನ್ 1ರಿಂದ ಎರಡು ತಿಂಗಳು ಮೀನುಗಾರಿಕೆ ನಿಷೇಧಕ್ಕೆ ಬೋಟುಗಳೆಲ್ಲ ದಡಕ್ಕೆ ಮೇಲೇರುವಾಗ ನಿಮ್ಮ ಬ್ಯಾಟರಿಯನ್ನೂ ಸೆಟ್ಟಿನಿಂದ ಬಿಚ್ಚಿ, ಅರ್ಧದಷ್ಟು ಚಾರ್ಜ್ ಉಳಿಸಿ, ಒಣಗಿದ ತಂಪು ಜಾಗದಲ್ಲಿಡಿ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳದಿರಬಹುದು. ಬಿಂದುಗಳನ್ನು ಒರೆಸಿದ ಮೇಲೂ ಸೆಟ್ಟು ಅರ್ಧ ದಿನಕ್ಕೇ ಸೊರಗಿದರೆ, ಈ ಹಂಗಾಮಿಗೆ ಹೊಸ ಬ್ಯಾಟರಿ ಹಾಕಿಸಿಯೇ ನೀರಿಗಿಳಿಯಿರಿ.