ಮನೆ ರಿಪೇರಿ ವಾರಂಟಿಗೆ ದುಡ್ಡು ಕಟ್ಟಬೇಕಾ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಮೂರು ವರ್ಷದ ಹಿಂದೆ ಪುಣೆಯ ವಾಕಡ್‌ನಲ್ಲಿ ಹೊಸ ಫ್ಲಾಟ್ ತಗೊಂಡೆವು. ವರ್ಷಕ್ಕೆ 9,000 ರೂಪಾಯಿ ಕಟ್ಟಿದರೆ ನಲ್ಲಿ, ವೈರಿಂಗ್, ಗೀಸರ್ ಎಲ್ಲದರ ರಿಪೇರಿ ತಮ್ಮದೇ ಅಂತ ಒಂದು ಕಂಪನಿಯವರು ದಿನಾ ಫೋನ್ ಮಾಡುತ್ತಾರೆ. ಬಾತ್‌ರೂಮ್ ಗೋಡೆ ಬೇರೆ ಒದ್ದೆಯಾಗುತ್ತಿದೆ. ತಗೊಳ್ಳೋಣವಾ?
— ಒಬ್ಬ ಓದುಗರು, ಪುಣೆ

ಉತ್ತರ: ಮೊದಲು ಆ ಗೋಡೆ ನೋಡಿ. ಅದಕ್ಕೆ ನೀವ್ಯಾಕೆ ದುಡ್ಡು ಕೊಡಬೇಕು? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ನೀವು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಪುಕ್ಕಟೆಯಾಗಿ ಸರಿಮಾಡಿಕೊಡಬೇಕು. ಫೋನಿನಲ್ಲಿ ಹೇಳಿದರೆ ‘ನಾಳೆ ಬರ್ತೀವಿ’ ಅಂತಾರೆ, ಅಷ್ಟೇ. ಫೋಟೊ ತೆಗೆದು ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ. ಜಗ್ಗದಿದ್ದರೆ ಮಹಾರೇರಾಗೆ, ಅಂದರೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರಕ್ಕೆ, ದೂರು ಕೊಡಿ. ನಿಮಗೆ ಇನ್ನೂ ಎರಡು ವರ್ಷ ಇದೆ, ಸುಮ್ನೆ ಕೂರಬೇಡಿ.

ಇನ್ನು ಆ ಪ್ಲಾನ್. ನಾನೂ ಒಮ್ಮೆ ಇಂಥದ್ದು ತಗೊಂಡಿದ್ದೆ. ಗೀಸರ್ ಕೆಟ್ಟಿತು, ಹುಡುಗ ಬಂದ, ಬಿಚ್ಚಿ ನೋಡಿದರೆ ಕಾಯಿಲ್ ಮೇಲೆ ಸುಣ್ಣದ ಹಾಗೆ ಬೆರಳು ದಪ್ಪ ಬಿಳಿ ಪದರ. ಗಡಸು ನೀರಿನಿಂದ ಆದದ್ದು ಕವರ್ ಆಗಲ್ಲ ಅಂದ. ಟ್ಯಾಂಕರ್, ಬೋರ್‌ವೆಲ್ ನೀರು ಬರುವ ಸೊಸೈಟಿಯಲ್ಲಿ ಗೀಸರ್ ಇನ್ನು ಹೇಗೆ ಕೆಡಬೇಕು, ಹೇಳಿ!

ಅದಕ್ಕೇ ಏನೇನು ಕವರ್ ಆಗಲ್ಲ ಅನ್ನುವ ಪುಟವನ್ನೇ ಮೊದಲು ಕೇಳಿ ಓದಿ. ನನ್ನ ಕೇಳಿದರೆ, ಆ 9,000 ಬ್ಯಾಂಕಿನಲ್ಲೇ ಬೇರೆ ಇಡಿ. ಪ್ಲಂಬರ್ ನಂಬರ್ ಸೊಸೈಟಿ ವಾಚ್‌ಮನ್ ಹತ್ತಿರ ಇದ್ದೇ ಇರುತ್ತದೆ ಅಲ್ವಾ?