ಚದುರಂಗ ಪ್ರಶ್ನೋತ್ತರ: ಸಮಯಕ್ಕಾಗಿ ನಡೆ ಮರುಕಳಿಸುವುದು

ಪ್ರಶ್ನೆ: 90 ನಿಮಿಷಕ್ಕೆ 40 ನಡೆ, ಆಮೇಲೆ 30 ನಿಮಿಷ, ಮೊದಲ ನಡೆಯಿಂದಲೇ 30 ಸೆಕೆಂಡು ಇನ್‌ಕ್ರಿಮೆಂಟ್ (ಪ್ರತಿ ನಡೆಗೂ ಗಡಿಯಾರಕ್ಕೆ ಸೇರುವ ಸಮಯ). 36 ನಡೆ ಮುಗಿದಿವೆ, ಗಡಿಯಾರದಲ್ಲಿ ಒಂದೇ ನಿಮಿಷ, ಆಟ ಗೆಲ್ಲುವಂತಿದೆ. ಬೇಕೆಂದೇ ಅದೇ ನಡೆಗಳನ್ನು ಆಡಿ ಕಾಲ ತಳ್ಳಬಹುದೆ?

ಉತ್ತರ: ಧಾರಾಳವಾಗಿ ಆಡಿ, ನಿಯಮದಲ್ಲಿ ಅಡ್ಡಿಯಿಲ್ಲ. ಎಡವುವುದು ಲೆಕ್ಕದಲ್ಲಿ. ಕಪ್ಪು ರಾಜ ಜಿ8 ಮನೆಯಲ್ಲಿ, ನಿಮ್ಮ ಕ್ವೀನ್ ಇ5ರಲ್ಲಿ, ಆಡುವ ಸರದಿ ನಿಮ್ಮದು ಎಂದುಕೊಳ್ಳಿ. ಇ8ರಿಂದ ಚೆಕ್, ರಾಜ ಜಿ7ಕ್ಕೆ. ಇ5ರಿಂದ ಚೆಕ್, ರಾಜ ಮತ್ತೆ ಜಿ8ಕ್ಕೆ. ಒಂದೊಂದನ್ನೂ ಐದು ಸೆಕೆಂಡಲ್ಲಿ ಆಡಿದರೆ 50 ಸೆಕೆಂಡು ಕೂಡಿತು, 38 ನಡೆಯೂ ಆಯಿತು. 40 ಮುಟ್ಟಿದರೆ ಅರ್ಧ ಗಂಟೆ ಸಿಗುವುದರಿಂದ ಸೆಕೆಂಡುಗಳಿಗಿಂತ ಈ ಎರಡು ನಡೆಗಳೇ ದೊಡ್ಡ ಲಾಭ.

ಒಂದೇ ಸ್ಥಾನ ಮೂರು ಸಲ ಬಂದರೆ ಡ್ರಾ ಕೇಳಬಹುದು. ಇಲ್ಲಿ ಎಣಿಸುವುದು ನಡೆಯನ್ನಲ್ಲ, ಸ್ಥಾನವನ್ನು, ಅಂದರೆ ಆಡುವ ಸರದಿಯೂ ಸೇರಿ ಹಲಗೆಯ ಮೇಲಿನ ಇಡೀ ಜೋಡಣೆಯನ್ನು. ನೀವು ಶುರು ಮಾಡಿದ ಸ್ಥಾನವೇ ಒಂದು, ಸುತ್ತು ಮುಗಿದಾಗ ಎರಡು. 39ಕ್ಕೆ ಇ8ರ ಚೆಕ್ ಇನ್ನೊಮ್ಮೆ ಕೊಡಬಹುದು. ಆದರೆ 40ಕ್ಕೆ ಕ್ವೀನ್ ಇ5ಕ್ಕೆ ಮರಳಿತೋ, ಎದುರಾಳಿ ರಾಜನನ್ನು ಮುಟ್ಟದೆ ಜಿ8 ಎಂದು ನಡೆ ಬರೆಯುವ ಹಾಳೆಯಲ್ಲಿ ಬರೆದು ಆರ್ಬಿಟರನ್ನು (ಪಂದ್ಯದ ತೀರ್ಪುಗಾರರನ್ನು) ಕರೆಯುತ್ತಾನೆ, ಡ್ರಾ. ಅವನ ಲೆಕ್ಕ ತಪ್ಪಿದ್ದರೆ ನಿಮಗೆ ಎರಡು ನಿಮಿಷ ಸೇರುತ್ತದೆ, ಅವನು ಬರೆದ ನಡೆಯನ್ನೇ ಆಡಬೇಕು. ಪುನರಾವರ್ತನೆ ಬೆನ್ನುಬೆನ್ನಿಗೇ ಆಗಬೇಕೆಂದಿಲ್ಲ. ಇದೇ ಸ್ಥಾನ ಹತ್ತು ನಡೆ ಹಿಂದೆ ಬಂದಿದ್ದರೆ ಅದೂ ಸೇರುತ್ತದೆ. ಐದನೇ ಸಲ ಬಂದರಂತೂ ಯಾರೂ ಕೇಳದಿದ್ದರೂ ಡ್ರಾ.

ಆದ್ದರಿಂದ ಮೊದಲ ಚೆಕ್ ಕೊಡುವ ಮೊದಲೇ ಎಲ್ಲಿ ಕವಲೊಡೆಯುತ್ತೀರಿ ಎಂದು ನಿರ್ಧರಿಸಿ. ರಾಜ ಜಿ7ರ ಬದಲು ಎಚ್7ಕ್ಕೆ ಹೋದರೆ ಏನು ಎಂಬುದನ್ನೂ ನೋಡಿಡಿ. ಸುತ್ತು ಮುರಿಯುವ ಹಕ್ಕು ಎದುರಾಳಿಗೂ ಇದೆ. 30 ಸೆಕೆಂಡು ಇನ್‌ಕ್ರಿಮೆಂಟ್ ಇರುವಾಗ ಕೊನೆಯವರೆಗೂ ನಡೆ ಬರೆಯಲೇಬೇಕು, ಆ ಹಾಳೆಯೇ ನಿಮ್ಮ ಎಣಿಕೆ.

ಬ್ರಾನ್‌ಸ್ಟೈನ್ ಡಿಲೇ ಗಡಿಯಾರದಲ್ಲಿ (ನಿಗದಿತ ಮಿತಿಯೊಳಗೆ, ಆ ನಡೆಗೆ ಬಳಸಿದಷ್ಟನ್ನೇ ಮರಳಿಸುವ ಕ್ರಮ) ಬಳಸದ ಸೆಕೆಂಡು ಕೂಡುವುದಿಲ್ಲ. ಅಲ್ಲಿ ಈ ಉಪಾಯದಿಂದ ನಡೆಯ ಸಂಖ್ಯೆ ಏರುತ್ತದೆ, ಸಮಯ ಬೆಳೆಯದು.

ಪ್ರಶ್ನೆ: ನಾನು ಯೋಚಿಸುತ್ತಿರುವಾಗ ಎದುರಾಳಿ ಮತ್ತೆ ಮತ್ತೆ ಡ್ರಾ ಕೇಳುತ್ತಾನೆ. ಸುಮ್ಮನಿರಬೇಕೆ?

ಉತ್ತರ: ಬೇಡ. ಡ್ರಾ ಕೇಳುವ ಕ್ರಮ ಹೀಗೆ: ತನ್ನ ನಡೆ ಆಡಿ, ಕೇಳಿ, ಆಮೇಲೆ ಗಡಿಯಾರ ಒತ್ತುವುದು. ಪದೇ ಪದೇ ಕೇಳಿದರೆ ಅದು ಗಮನ ಕೆಡಿಸುವ ತಪ್ಪು. ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಿರಿ. ಎಚ್ಚರಿಕೆ ಕೊಡಲೂ ನಿಮಗೆ ಸಮಯ ಸೇರಿಸಲೂ ಅವರಿಗೆ ಅಧಿಕಾರವಿದೆ.