ಎಂಸಿಬಿ ಇದ್ದರೂ ಗೀಸರಿನ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದೇಕೆ?

ಹೊಸ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ, ಅಂದರೆ 'ಬೀಳುವ' ಸ್ವಿಚ್) ಹಾಕಿಸಿಯೂ ಗೀಸರಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಎಂಸಿಬಿ ಬೀಳಲೇ ಇಲ್ಲ, ಅದು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಮೊದಲು ಆ ಗೀಸರ್ ಲೈನನ್ನು ಡಿಬಿಯಲ್ಲೇ (ಎಂಸಿಬಿಗಳಿರುವ ಪೆಟ್ಟಿಗೆ) ಆಫ್ ಮಾಡಿ. ರಿಪೇರಿ ಆಗುವವರೆಗೆ ಆನ್ ಮಾಡಬೇಡಿ.

ಎಂಸಿಬಿ ಬಹುಶಃ ಚೆನ್ನಾಗಿಯೇ ಇದೆ. ಅದು ಕಾಯುವುದು ವೈರನ್ನು. ಗೀಸರ್‌ಗೆ ಸಾಮಾನ್ಯವಾಗಿ 16 ಆಂಪ್‌ನದ್ದು ಹಾಕುತ್ತಾರೆ. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ. ಲೋಡ್ ಜಾಸ್ತಿಯಾದರೆ ಅದು ಬಿಸಿಯಾಗಿ ಬಾಗಿ ಲೈನ್ ಕಟ್ ಮಾಡುತ್ತದೆ, ನಿಧಾನಕ್ಕೆ. ಶಾರ್ಟ್ ಆದರೆ ಪಕ್ಕದ ಕಾಯಿಲ್ ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಬೀಳಿಸುತ್ತದೆ. 'ಸಿ' ಟೈಪ್ ಆದರೆ ಹಾಗೆ ಬೀಳಲು 80ರಿಂದ 160 ಆಂಪ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು 0.1 ಆಂಪ್ ಸಾಕು. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಅಲ್ವಾ?

ನಿಮಗೆ ಬೇಕಾದದ್ದು 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್. ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಎರಡೂ ಅದರೊಳಗಿನ ಒಂದು ಬಳೆಯ ಮೂಲಕ ಹಾದು ಹೋಗುತ್ತವೆ. ಹೋದಷ್ಟೇ ಕರೆಂಟ್ ವಾಪಸ್ ಬಂದರೆ ಸರಿ. ಸ್ವಲ್ಪ ನಲ್ಲಿ ನೀರಿನಲ್ಲೋ ನಿಮ್ಮ ಮೈಯಲ್ಲೋ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ತಕ್ಷಣ ಬೀಳುತ್ತದೆ. ಅಂಗಡಿಯಲ್ಲಿ 100, 300 ಮಿಲಿಆಂಪ್‌ನದ್ದೂ ಸಿಗುತ್ತೆ. ಅವು ಶಾಕ್ ತಡೆಯಲು ಅಲ್ಲ, ತೆಗೆದುಕೊಳ್ಳಬೇಡಿ. ಎಂಸಿಬಿ ತೆಗೆಸಲೂ ಬೇಡಿ, ಓವರ್‌ಲೋಡ್ ಆದರೆ ಆರ್‌ಸಿಸಿಬಿಗೆ ಗೊತ್ತೇ ಆಗಲ್ಲ.

ಆದರೆ ನನಗೆ ಜಾಸ್ತಿ ಅನುಮಾನ ನಿಮ್ಮ ಅರ್ಥಿಂಗ್ ಮೇಲೆ. ಗೀಸರ್ ಎಲಿಮೆಂಟ್ ಒಡೆದು ಕರೆಂಟ್ ಸೋರುತ್ತಿರಬಹುದು. ಅರ್ಥ್ ಸರಿಯಿದ್ದರೆ ಆ ಸೋರಿಕೆ ಅದರಲ್ಲೇ ಇಳಿದು ಹೋಗುತ್ತದೆ, ನೀವು ಮುಟ್ಟುವ ಮೊದಲೇ ಆರ್‌ಸಿಸಿಬಿ ಬಿದ್ದಿರುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಬೀಳಲು ನೀವೇ ಮುಟ್ಟಬೇಕು. ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ವೈರ್ ಇದೆಯಾ, ಅದು ನಿಜವಾಗಿ ನೆಲದಲ್ಲಿರುವ ಅರ್ಥ್ ಗುಂಡಿಯ ತನಕ ಹೋಗಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಚೆಕ್ ಮಾಡಿಸಿ. ಹಳೇ ಮನೆಗಳಲ್ಲಿ ಎಷ್ಟೋ ಸಲ ಆ ತೂತು ಸುಮ್ನೆ ಖಾಲಿ ಇರುತ್ತದೆ.

ಆರ್‌ಸಿಸಿಬಿ ಹಾಕಿದ ಮೇಲೆ ಪದೇ ಪದೇ ಬೀಳಬಹುದು. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಲೈನಿಗೆ ಸೇರಿಸಿದ್ದರೂ ಹಾಗಾಗುತ್ತೆ. ಪೀಸ್ ಕೆಟ್ಟದ್ದು ಅಂತ ಬೈಪಾಸ್ ಮಾಡಲು ಬಿಡಬೇಡಿ, ನ್ಯೂಟ್ರಲ್ ಬೇರೆ ಮಾಡಿಸಿ. ಮೂರು ತಿಂಗಳಿಗೊಮ್ಮೆ ಆರ್‌ಸಿಸಿಬಿ ಮೇಲಿನ 'ಟಿ' (ಟೆಸ್ಟ್) ಬಟನ್ ಒತ್ತಿ ನೋಡಿ. ಬೀಳದಿದ್ದರೆ ಬದಲಿಸಿ.